ಬೂದಿಯಲ್ಲಿ ಉಳಿದ ಮಂಡಿ

ನಾನು ಮಂಡಿ. ತಾಯಿಯ ಹೊಟ್ಟೆಯಲ್ಲಿ ಬೆಳೆದದ್ದಲ್ಲ, ಕಾರ್ಖಾನೆಯಲ್ಲಿ ಎರಕ ಹೊಯ್ದು ಮಾಡಿದ್ದು. ಸವೆದ ಮೂಳೆಯ ತುದಿಯನ್ನು ಕೊಯ್ದು ತೆಗೆದು, ಆ ಜಾಗಕ್ಕೆ ಡಾಕ್ಟರರು ಕೂರಿಸುವ ಲೋಹದ ಚಿಪ್ಪು. ಹುಟ್ಟಿದಾಗ ನನ್ನ ಹೊಳಪೇನು, ನುಣುಪೇನು! ಒಂದು ಕಣ ಧೂಳೂ ತಾಕಬಾರದೆಂದು ಪೊಟ್ಟಣದೊಳಗೆ ಪೊಟ್ಟಣವಿಟ್ಟು ಮುಚ್ಚಿದ್ದರು. ಅಷ್ಟು ಮಡಿ ಯಾವ ಮಠದಲ್ಲೂ ಇಲ್ಲ, ಬಿಡಿ.

ನನ್ನ ಮೊದಲ ಒಡತಿ ಮೈಸೂರಿನ ವನಜಾಕ್ಷಮ್ಮ. ದೊಡ್ಡ ಬಟ್ಟೆ ಅಂಗಡಿಯವರು. ಮೆಟ್ಟಿಲು ಹತ್ತಿದರೆ ಮಂಡಿ ನೋಯುತ್ತದೆ ಎಂದು ಒಂದು ಸೋಮವಾರ ಹೇಳಿದರು. ಮುಂದಿನ ಸೋಮವಾರ ನಾನು ಅವರ ಬಲಗಾಲಿನಲ್ಲಿದ್ದೆ. ಮನೆಗೇ ಬಂದು ವ್ಯಾಯಾಮ ಮಾಡಿಸಲು ಒಬ್ಬಳು, ಸ್ನಾನ ಮಾಡಿಸಲು ಇನ್ನೊಬ್ಬಳು. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಮಹಡಿ ಮೆಟ್ಟಿಲು ಹತ್ತಿ ನಿಂತು, "ನನ್ನ ಬಂಗಾರ" ಎಂದು ನನ್ನನ್ನು ಸವರುತ್ತಿದ್ದರು. ಒಳಗೆ ಕತ್ತಲೆಯಿತ್ತು, ಆದರೆ ಬೆಚ್ಚಗಿತ್ತು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಚಿತೆಯಲ್ಲಿ ನನ್ನ ಸುತ್ತಲಿನ ಮಾಂಸ ಹೋಯಿತು, ಮೂಳೆ ಬಿರುಕು ಬಿಟ್ಟಿತು. ನಾನು ಮಾತ್ರ ಕೆಂಡದೊಳಗೆ ಎಚ್ಚರವಾಗಿಯೇ ಮಲಗಿದ್ದೆ. ಅಸ್ಥಿ ಆರಿಸಲು ಬಂದ ಮಗ ನನ್ನನ್ನು ಕಡ್ಡಿಯಿಂದ ತಳ್ಳಿ, "ಇದು ಬೇಡ, ಲೋಹ" ಎಂದ. ಅಮ್ಮನ ಮಿಕ್ಕದ್ದೆಲ್ಲ ಮಡಕೆಯಲ್ಲಿ ಹೊಳೆಗೆ ಹೋಯಿತು.

ನನ್ನನ್ನು ಎತ್ತಿಕೊಂಡವಳು ಸ್ಮಶಾನದ ಸಿದ್ದಾಜಮ್ಮ. ಗಂಡ ಸತ್ತ ಮೇಲೆ ಸೌದೆ ಒಟ್ಟುವುದು, ಹೂಳುವವರಿಗೆ ಗುಂಡಿ ತೋಡುವುದು ಎಲ್ಲ ಅವಳದೇ ಕೆಲಸ. ಅವಳ ಮಂಡಿಗಳೆರಡೂ ಸವೆದಿದ್ದವು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಹೆಣದ ಮೇಲಿನ ಸೀರೆ, ಚಾಪೆ, ಬಾಯಿಗೆ ಹಾಕಿ ಮಿಕ್ಕ ಅಕ್ಕಿ ಎಲ್ಲ ಸ್ಮಶಾನದವರಿಗೆ ಸೇರಬೇಕೆಂಬುದು ಅಲ್ಲಿನ ಪದ್ಧತಿ. ಮಂಡಿಯೂ ಹಾಗೇ ಎಂದುಕೊಂಡಳು, ಪಾಪ. ಹುಣಸೆಹಣ್ಣು ಹಚ್ಚಿ ನನ್ನನ್ನು ಉಜ್ಜಿ, ಸೆರಗಿನಲ್ಲಿ ಕಟ್ಟಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಳು.

"ಇದ್ನ ನನ್ ಕಾಲ್ಗೆ ಹಾಕ್ಬುಡವ್ವ," ಎಂದು ಮೇಜಿನ ಮೇಲಿಟ್ಟಳು.

ಡಾಕ್ಟರಮ್ಮ ಬೆಚ್ಚಿ ಕುರ್ಚಿ ಹಿಂದಕ್ಕೆ ಸರಿಸಿದರು. "ಅಯ್ಯೋ, ಒಬ್ಬರಿಗೆ ಹಾಕಿದ್ದನ್ನ ಇನ್ನೊಬ್ಬರಿಗೆ ಹಾಕಲ್ಲ ಅಜ್ಜಿ."

"ಯಾಕವ್ವ? ಸತ್ತೋರ್ ಸೀರೆ ನಾವು ಉಡಕಿಲ್ವಾ?"

ಡಾಕ್ಟರಮ್ಮ ಕುರ್ಚಿಯನ್ನು ಮತ್ತೆ ಮೇಜಿನ ಬಳಿಗೆ ಎಳೆದುಕೊಂಡರು. ಮೆತ್ತಗೆ ಹೇಳಿದರು: "ಬಿಪಿಎಲ್ ಕಾರ್ಡಲ್ಲಿ ಪುಕ್ಕಟೆ ಹೊಸದು ಹಾಕ್ತೀವಿ. ಆದ್ರೆ ಕಾಯಬೇಕು, ನಿಮ್ಮ ಮುಂದೆ ತುಂಬಾ ಜನ ಇದಾರೆ. ಆಮೇಲೆ ಮೂರು ತಿಂಗಳು ಗುದ್ದಲಿ ಮುಟ್ಟಂಗಿಲ್ಲ. ನೋಡ್ಕೊಳ್ಳೋರು ಯಾರಿದಾರೆ?"

"ಮಗ್ಳು ನಂಜನಗೂಡಲ್ಲವ್ಳೆ, ಗಾರ್ಮೆಂಟ್ಸ್‌ನೋರು ರಜಾ ಕೊಡಕಿಲ್ಲ. ಗುದ್ಲಿ ಮುಟ್ದೆ ನಾನೇನ್ ತಿನ್ನದವ್ವ?"

ಮನೆಗೆ ಬಂದವಳು ಹಳೇ ಸೀರೆಯ ಚೂರಿನಿಂದ ನನ್ನನ್ನು ಬಲ ಮಂಡಿಯ ಮೇಲೆ ಬಿಗಿಯಾಗಿ ಕಟ್ಟಿಕೊಂಡಳು. "ತಾಯಿ, ನಿನ್ ಕಾಲ್ನ ಒಸಿ ಕೊಡವ್ವ," ಎಂದು ಸತ್ತವಳನ್ನು ಬೇಡಿದಳು. ಆಗ ನನಗೇನಾಯಿತೋ ಕಾಣೆ. ವನಜಾಕ್ಷಮ್ಮನ ಮೆಟ್ಟಿಲುಗಳೆಲ್ಲ ನನ್ನೊಳಗೆ ಎದ್ದು ಬಂದವು. ಸಮನೆಲದಲ್ಲಿ ನಡೆಯುವಾಗಲೂ ಸಿದ್ದಾಜಮ್ಮನ ಕಾಲು ಇಲ್ಲದ ಮೆಟ್ಟಿಲಿಗೆ ತಾನಾಗಿ ಏಳುತ್ತಿತ್ತು. ಸ್ಮಶಾನದ ನಾಯಿಗಳು ಬಾಲ ಮುದುರಿ ದೂರ ಸರಿದವು. ಅವಳು ಮಾತ್ರ ನಗುತ್ತಿದ್ದಳು: "ಆವಮ್ಮ ಬಂದವ್ಳೆ, ನೋಡಿ." ನೋವು ಮಾತ್ರ ಎಳ್ಳಷ್ಟೂ ಹೋಗಲಿಲ್ಲ.

ಒಂದು ಸಂಜೆ, ಮಾರನೆಯ ದಿನ ಬರುವ ಹೆಣಕ್ಕೆ ಗುಂಡಿ ತೋಡಿ ಮುಗಿಸಿದವಳಿಗೆ ಮೇಲೆ ಹತ್ತಲು ಆಗಲಿಲ್ಲ. ಅಂಚು ಹಿಡಿದಳು, ಮಂಡಿ ಮಡಚಲಿಲ್ಲ, ಜಾರಿ ಬಿದ್ದಳು. ನಾನು ಬಲ್ಲದ್ದು ಮೆಟ್ಟಿಲು ಹತ್ತುವುದು, ಗುಂಡಿಗೆಲ್ಲಿಯ ಮೆಟ್ಟಿಲು?

"ಯಾರಾರ ಇದ್ದೀರಾ? ನನ್ನ ಎತ್ರಪ್ಪೋ!"

ರಸ್ತೆಯಲ್ಲಿ ಹೋಗುವವರಿಗೆ ಕೇಳಿಸಿತು. ಸ್ಮಶಾನದ ಗುಂಡಿಯೊಳಗಿಂದ ಹೆಣ್ಣು ದನಿ! ಬೈಕಿನವನೊಬ್ಬ ನಿಲ್ಲಿಸಿ, "ದೆವ್ವ ಕಣ್ಲಾ!" ಎಂದು ಕಿರುಚಿ ಓಡಿಸಿಕೊಂಡು ಹೋದ. ಹಾಲಿನವನು ಆಂಜನೇಯನನ್ನು ನೆನೆಯುತ್ತ ಕಾಲಿಗೆ ಬುದ್ಧಿ ಹೇಳಿದ. "ನಾನ್ ಕಣ್ರಪ್ಪೋ, ಸಿದ್ದಾಜಿ, ಬದ್ಕಿವ್ನಿ!" ಎಂದು ಅವಳು ಕೂಗಿದಷ್ಟೂ ಜನ ದೂರವಾದರು. ನನಗೆ ದನಿಯಿಲ್ಲ. ಇದ್ದಿದ್ದರೆ ಅವರ ಏಳು ತಲೆಮಾರನ್ನು ಬೈಯುತ್ತಿದ್ದೆ.

ಬೆಳಿಗ್ಗೆ ಹೆಣ ಹೊತ್ತು ಬಂದವರು ಗುಂಡಿಯಲ್ಲಿ ಆಗಲೇ ಒಬ್ಬಳು ತಣ್ಣಗಾಗಿ ಮಲಗಿರುವುದನ್ನು ಕಂಡರು.

ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿ ಅವಳನ್ನು ಮಣ್ಣು ಮಾಡಿದರು. ನನ್ನ ಕಟ್ಟು ಬಿಚ್ಚಲು ಬಂದವರ ಕೈಯನ್ನು ಮಗಳು ಮಾದೇವಿ ಹಿಡಿದುಕೊಂಡಳು. "ಬುಡಿ, ಅದು ನಮ್ಮವ್ವುಂದೇ," ಎಂದು ಅತ್ತಳು.

ಇಲ್ಲಿ ತಣ್ಣಗಿದೆ. ಮೇಲೆ ಹುಲ್ಲು ಬೆಳೆದಿದೆ. ಕಟ್ಟಿದ್ದ ಬಟ್ಟೆ ಕರಗಿತು, ಮಾಂಸ ಕರಗಿತು, ಸವೆದ ಮೂಳೆಯ ತುದಿಯನ್ನು ಮಣ್ಣು ನಿಧಾನವಾಗಿ ತಿಂದಿತು. ನಾನು ಅಷ್ಟಷ್ಟೇ ಕೆಳಗಿಳಿಯುತ್ತ ಬಂದೆ. ಮೊನ್ನೆ ಮಣ್ಣು ಕುಸಿದಾಗ ಮೂಳೆಯ ತುದಿಗೆ ಸರಿಯಾಗಿ ಕೂತುಬಿಟ್ಟೆ. ಯಾವ ಡಾಕ್ಟರೂ ಇಷ್ಟು ಚೆನ್ನಾಗಿ ಕೂರಿಸಲಾರರು.

ಸಿದ್ದಾಜಮ್ಮಾ, ಕೂತೆ ಕಣಮ್ಮ. ಈಗ ಏಳು.