ಪರದೇಶಿ ಮಗುವಿನ ಫೋಟೋ

ಆ ಪೇಟೆಯಲ್ಲಿ ಮಸಿಯಣ್ಣನ ಅಪ್ಪಣೆಯಿಲ್ಲದೆ ಒಂದು ಅಕ್ಷರವೂ ಗೋಡೆ ಹತ್ತುತ್ತಿರಲಿಲ್ಲ. ಹುಟ್ಟಿದವರ ಕಾರ್ಡು, ಸತ್ತವರ ಕಾರ್ಡು, ನಡುವೆ ಬದುಕಿ ವ್ಯಾಪಾರ ಮಾಡಿದವರ ಬಿಲ್ ಪುಸ್ತಕ, ಎಲ್ಲ ಅವನ ಪ್ರೆಸ್ಸಿನಿಂದಲೇ ಹೊರಡಬೇಕು. ಪ್ರೆಸ್ಸು ಎಂದರೇನು ಮಹಾ, ಒಳಗೆ ಮಲಗಿದರೆ ಕಾಲು ಬೀದಿಗೆ ಬರುವಷ್ಟು ಕೋಣೆ. ಅದರಲ್ಲಿ ಆನೆ ಕೆಮ್ಮಿದ ಹಾಗೆ ಸದ್ದು ಮಾಡುವ ಯಂತ್ರ, ಅವನ ಮಗಳಿಗಿಂತ ವಯಸ್ಸಾದ ಕಂಪ್ಯೂಟರು. ಆ ಕಂಪ್ಯೂಟರಿನಲ್ಲಿ ಇಲ್ಲದ ಚಿತ್ರ ಭೂಮಿಯ ಮೇಲೇ ಇಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನ ಉಗುರಿನ ಸಂದಿಯ ಮಸಿ ಏಳು ಕೆರೆಯ ನೀರಿಗೂ ಜಗ್ಗಿದ್ದಲ್ಲ.

ಹಾಗಾಗಿ ಶಾಲೆಯ ಹೆಡ್ ಮೇಡಂ ಫೋನು ಮಾಡಿದಾಗ ಅವನು ಎರಡನೇ ಮಾತು ಕೇಳಲಿಲ್ಲ. ಪರದೇಶಿ ಮಕ್ಕಳಿಗಾಗಿ ನಮ್ಮ ಮಕ್ಕಳು ಮನೆಮನೆಗೆ ಹೋಗಿ ಹಣ ಎತ್ತುತ್ತಾರೆ, ಒಂದು ಪರದೇಶಿ ಮಗುವಿನ ಫೋಟೋ ಹಾಕಿ ಪೋಸ್ಟರ್ ಮಾಡಿಕೊಡಿ, ನೋಡಿದವರ ಕರುಳು ಕಿತ್ತು ಬರಬೇಕು ಎಂದಿದ್ದರು ಮೇಡಂ.

ಮೇಡಂ ಬಾಯಲ್ಲಿ ಪರದೇಶಿ ಎಂದರೆ ಸಮುದ್ರದಾಚೆಯವರು. ಮಸಿಯಣ್ಣನ ಮನೆಯಲ್ಲಿ ಆ ಮಾತಿನ ಅರ್ಥವೇ ಬೇರೆ. ಹೆಂಡತಿ ತೀರಿಕೊಂಡ ವರ್ಷ, ಮೂರು ವರ್ಷದ ಮಗಳು ಜ್ವರದಲ್ಲಿ ಬತ್ತಿ ಕಡ್ಡಿಯಾಗಿದ್ದಾಗ, ಅವನ ತಾಯಿ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು, "ಪರದೇಶಿ ಆಗ್ಬಿಟ್ಯಲ್ಲೇ ಕೂಸೇ" ಎಂದು ಅಳುತ್ತಿದ್ದಳು. ದಿಕ್ಕಿಲ್ಲದವರು ಪರದೇಶಿಗಳು, ಅಷ್ಟೇ. ಆಗ ಅವನು ಮಗಳ ಬೋಳುತಲೆ, ಗುಳಿಬಿದ್ದ ಕಣ್ಣುಗಳ ಫೋಟೋ ಹಾಕಿ, ಚಿಕಿತ್ಸೆಗೆ ನೆರವಾಗಿ ಎಂದು ಕರಪತ್ರ ಅಚ್ಚು ಮಾಡಿ ಪೇಟೆಗೆಲ್ಲ ಹಂಚಿದ್ದ. ಸಾವಿರ ಕರಪತ್ರಕ್ಕೆ ಸಾವಿರ ಉಪದೇಶ ಬಂದವು. ಚಿನ್ನದಂಗಡಿಯ ಸಾಹುಕಾರರಂತೂ ಅದೇ ಕಾಗದದಲ್ಲಿ ಗಿರಾಕಿಯ ಉಂಗುರ ಪೊಟ್ಟಣ ಕಟ್ಟಿಕೊಟ್ಟರು. ಕೊನೆಗೆ ತಾಯಿಯ ಕಿವಿಯೋಲೆ ಮಾರಿಹೋಯಿತು, ಮಗಳು ಉಳಿದಳು.

ಫೋಟೋ ಕಂಪ್ಯೂಟರಿನಲ್ಲೇ ಇತ್ತು. ಇದಕ್ಕಿಂತ ಒಳ್ಳೆಯ ಪರದೇಶಿ ಎಲ್ಲಿ ಸಿಗಬೇಕು? ಹಾಕಿದ. ಮೇಡಂ ಪೋಸ್ಟರು ನೋಡಿ ಕಣ್ಣು ತುಂಬಿಕೊಂಡರೇ ಹೊರತು ಯಾರ ಮಗು ಎಂದು ಕೇಳಲಿಲ್ಲ.

ಮಗಳಿಗೆ ಈಗ ಹತ್ತು. ಮೊಣಕಾಲು ಮುಟ್ಟುವ ಜಡೆ, ಊರಿಗೆಲ್ಲ ಹಂಚಿದರೂ ಮಿಗುವಷ್ಟು ಮಾತು. ಅಜ್ಜಿ ಅವಳನ್ನು ಕರೆಯುವುದೇ ಚಿನಕುರಳಿ ಎಂದು. ಆ ಶಾಲೆಯಲ್ಲೇ ಓದುತ್ತಿದ್ದಳು. ಹಣ ಎತ್ತುವ ಡಬ್ಬಿ ಹಿಡಿದು ಮನೆಗೆ ಬಂದವಳು, ಪೋಸ್ಟರಿನ ಹುಡುಗಿ ಸಮುದ್ರದಾಚೆ ಇರುತ್ತಾಳೆಂದೂ, ನೀರಿಗೆ ಅರ್ಧ ದಿನ ನಡೆಯುತ್ತಾಳೆಂದೂ, ಹೆಚ್ಚು ಹಣ ಎತ್ತಿದವರನ್ನು ವೇದಿಕೆ ಹತ್ತಿಸಿ ಅವಳಿಗೆ ಕಾಗದ ಬರೆಸುತ್ತಾರೆಂದೂ ಒಂದೇ ಉಸಿರಿಗೆ ಹೇಳಿದಳು.

"ನಾನೇ ಫಸ್ಟ್ ಬರ್ತೀನಿ ನೋಡಪ್ಪ. ಅವಳು ನನ್ನ ಫ್ರೆಂಡ್ ಆಗ್ತಾಳೆ."

ಮೇಡಂಗೆ ನಿಜ ಹೇಳಲು ಮಸಿಯಣ್ಣನ ಕೈ ಫೋನಿನ ತನಕ ನೂರು ಸಲ ಹೋಯಿತು, ನೂರು ಸಲವೂ ಬರಿಗೈಯಲ್ಲಿ ಬಂತು. ಹುಟ್ಟಿದ ಮೇಲೆ ಮಗಳು ಯಾವುದರಲ್ಲೂ ಮೊದಲು ಬಂದವಳಲ್ಲ. ಇದೊಂದು ಆಗಿಹೋಗಲಿ, ಆಮೇಲೆ ಹೇಳಿದರಾಯಿತು ಎಂದು ನುಂಗಿಕೊಂಡ.

ಹುಡುಗಿ ಪೇಟೆಯನ್ನು ಗುಡಿಸಿ ಹಾಕಿದಳು. ಒಂದು ದಿನ ಅವನೂ ಹಿಂದೆ ಹೋದ. ಸಾಹುಕಾರರು ಅವಳ ಕೈಯ ಪೋಸ್ಟರಿನ ಕೆನ್ನೆ ಸವರಿ, ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಂಡು ನೋಟು ತೆಗೆದರು. ಎಂಟು ಮಡಿಕೆ ಮಾಡಿದರೂ ಡಬ್ಬಿಯ ಬಾಯಿಗೆ ಹಿಡಿಸದಂಥ ದೊಡ್ಡ ನೋಟು. ಎದುರಿಗೆ ಬಿಸಿಲಲ್ಲಿ ನಿಂತ ಅದೇ ಹುಡುಗಿಗೆ ಒಳಗೆ ಬಾ ಎನ್ನಲಿಲ್ಲ.

ಮಾರನೆಯ ದಿನ ಅಜ್ಜಿ ಪೇಟೆಗೆ ಹೊರಟಳು. ಸೂಜಿಗೆ ದಾರ ಪೋಣಿಸಲು ಮೂರು ದಿನ ಬೇಕಾಗುವ ಕಣ್ಣು ಅವಳದು. ಆದರೆ ಕಂಬಕ್ಕೆ ಅಂಟಿಸಿದ ಪೋಸ್ಟರಿನ ಮುಖವನ್ನು ಬೀದಿಯ ಆಚೆಯಿಂದಲೇ ಹಿಡಿದಳು. ಇದು ನಮ್ಮ ಕೂಸು, ಜ್ವರ ಬಂದಿದ್ದಾಗಿನದು ಎಂದು ಚಿನ್ನದಂಗಡಿಯ ಮುಂದೆಯೇ ಕಂಡಕಂಡವರಿಗೆ ತೋರಿಸಿದಳು. ಅವಳು ಮನೆ ಸೇರುವ ಮೊದಲೇ ಸುದ್ದಿ ಪೇಟೆಗೆ ಮೂರು ಸುತ್ತು ಹಾಕಿತ್ತು.

ಸಂಜೆ ಪ್ರೆಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರ ಮುಂದೆ ಸಾಹುಕಾರರು.

"ಪೇಟೆ ಮುಖಕ್ಕೇ ಮಸಿ ಬಳಿದ್ಯಲ್ಲಯ್ಯ. ನಾನು ಕೊಟ್ಟಿದ್ದು ಪರದೇಶಿ ಮಗುಗೆ. ನಿನ್ನ ಮಗಳಿಗಲ್ಲ."

"ಅವತ್ತು ಇವಳೂ ಪರದೇಶೀನೇ ಆಗಿದ್ಲು, ಸಾಹುಕಾರ್ರೇ. ನಿಮ್ಮ ಅಂಗಡಿ ಎದುರಿಗೇ."

"ಎದುರು ಮನೆಯವರೆಲ್ಲ ಪರದೇಶಿ ಆದ್ರೆ ನಾವು ಬದುಕೋದು ಬೇಡ್ವಾ? ದುಡ್ಡು ವಾಪಸ್ ಕೊಡಿಸು."

ಹಣ ಹೋಗುವುದು ಸಮುದ್ರದಾಚೆಗೇ, ಬೀಗ ಹಾಕಿದ ಡಬ್ಬಿಗಳು ಶಾಲೆಯಲ್ಲೇ ಇವೆ, ತಾನು ಮುಟ್ಟಿಲ್ಲ ಎಂದು ಮಸಿಯಣ್ಣ ಗಂಟಲು ಹರಿದುಕೊಂಡ. ಕೇಳುವ ಕಿವಿ ಒಂದೂ ಇರಲಿಲ್ಲ. ಮಗಳು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು.

ಶಾಲೆಯ ಮರ್ಯಾದೆ ಉಳಿಯಬೇಕಲ್ಲ. ಮೇಡಂ ಅವಳ ಡಬ್ಬಿ ಒಡೆಸಿ, ಅವಳ ಕೈಯಿಂದಲೇ ಮನೆಮನೆಗೆ ಹಿಂದಿರುಗಿಸಲು ಕಳಿಸಿದರು. ನಾಣ್ಯ ಹಾಕಿದವರು ನೋಟು ಹಾಕಿದ್ದೆ ಎಂದರು, ಏನೂ ಹಾಕದವರು ನಾಣ್ಯ ಹಾಕಿದ್ದೆ ಎಂದರು. ಬೀದಿ ಮುಗಿಯುವ ಮೊದಲೇ ಡಬ್ಬಿ ಮುಗಿಯಿತು. ವೇದಿಕೆ ಹತ್ತಿದವನು ಸಾಹುಕಾರರ ಮೊಮ್ಮಗ. ಅವನು ಹಣ ಎತ್ತಿದ್ದು ಒಂದೇ ಮನೆಯಲ್ಲಿ, ತನ್ನದರಲ್ಲಿ.

ಆ ವಾರವೆಲ್ಲ ಚಿನಕುರಳಿಯ ಬಾಯಿಂದ ಹತ್ತು ಮಾತು ಬಂದಿದ್ದರೆ ಹೆಚ್ಚು.

ಮುಂದಿನ ವಾರ ಮತ್ತೊಂದು ಸುತ್ತು ಹಣ ಎತ್ತಲು ಹೊಸ ಪೋಸ್ಟರು ಅಚ್ಚಿಗೆ ಬಂತು, ಪೇಟೆಗೆ ಇದ್ದದ್ದು ಅದೊಂದೇ ಪ್ರೆಸ್ಸು. ಈ ಸಲ ಫೋಟೋವನ್ನು ಮೇಡಂ ತಾವೇ ತರಿಸಿದ್ದರು, ಅದರ ಬೆನ್ನಿಗೆ ಮೂರು ಮೊಹರು, ಅಪ್ಪಟ ಸಮುದ್ರದಾಚೆಯ ಮಗು. ಮಗಳು ಕಾಗದದ ಕಟ್ಟಿನ ಮೇಲೆ ಕೂತು ಮಸಿ ಆರದ ಒಂದು ಹಾಳೆಯನ್ನು ಬಹಳ ಹೊತ್ತು ನೋಡಿದಳು. ಅದೇ ಬೋಳುತಲೆ, ಅದೇ ಕಣ್ಣು.

"ಅಪ್ಪಾ, ಇವಳು ಯಾವ ಬೀದಿಯವಳು?"

ಮಸಿಯಣ್ಣ ಯಂತ್ರ ನಿಲ್ಲಿಸಲಿಲ್ಲ.

"ನಮ್ಮ ಬೀದಿಯವಳಲ್ಲ ಕಣೇ," ಎಂದ. "ಪುಣ್ಯ ಮಾಡಿದ್ದಾಳೆ."