ಹಟ್ಟಿದೇವರ ಕೊರಳಿನ ಪದಕ

ಜಂಪಣ್ಣನ ಮನೆಯಲ್ಲಿ ಬೆಳಗಾಗುವುದು ಕುರಿಗಳ ಗದ್ದಲದಿಂದ. ರೊಪ್ಪದ ಮುಳ್ಳುಬಾಗಿಲು ಸರಿಸಿದರೆ ಸಾಕು, ಎಪ್ಪತ್ತು ಕುರಿಗಳೂ ಒಂದೇ ಸಲ ಹೊರಗೆ ನುಗ್ಗುತ್ತವೆ. ಅವುಗಳ ಹಿಂದೆ ಅವನ ಮಗಳು ಗಂಗೋತ್ರಿ ಬರಿಗಾಲಲ್ಲಿ ಓಡುತ್ತಾಳೆ. ತಾಯಿ ಗಾದ್ರಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಲೇ, "ಮೆಲ್ಲಕೆ ಹೋಗೇ, ಎಡವಿ ಬಿದ್ದೀಯ" ಎಂದು ಕೂಗುತ್ತಾಳೆ. ಅಜ್ಜಿ ಭೀಮಕ್ಕ ಜಗುಲಿಯಲ್ಲಿ ಎಲೆಅಡಿಕೆ ಕುಟ್ಟುತ್ತ, "ಓಡ್ಲಿ ಬಿಡೇ, ಓಡಿ ಓಡಿನೇ ಅಲ್ವೇನು ದ್ಯಾವ್ರಿಗೆ ಪದಕ ತಂದಿರಾದು" ಎಂದು ಬೀಗುತ್ತಾಳೆ.

ನೋಡಿದವರು ಎಂಥ ಸುಖೀ ಸಂಸಾರ ಅನ್ನಬೇಕು. ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ಹೆಸರು ಸಂಧ್ಯಾರಾಣಿ. ಹುಟ್ಟಿದ್ದು ಬಸವಾಪಟ್ಟಣ. ಜಗಳೂರು ತಾಲ್ಲೂಕಿನ ಸೊಕ್ಕೆಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಎಂಟು ವರ್ಷಗಳಿಂದ ದೈಹಿಕ ಶಿಕ್ಷಕಿ. ಗಂಗೋತ್ರಿಯನ್ನು ಕುರಿಯ ಹಿಂದಿನಿಂದ ಮೈದಾನಕ್ಕೆ ತಂದವಳು ನಾನೇ. ಎಂಟನೇ ತರಗತಿಯಲ್ಲಿದ್ದಾಗ ದಾವಣಗೆರೆಯ ಜಿಲ್ಲಾ ಕೂಟದಲ್ಲಿ ಎಂಟುನೂರು ಮೀಟರ್ ಓಟವನ್ನು ಅವಳು ಗೆದ್ದಳು. ಕುರಿಗಾಹಿಗಳ ಆ ಪುಟ್ಟ ಊರಿನ ಹಟ್ಟಿದೇವರ ಪೂಜಾರಿಯಾದ ಜಂಪಣ್ಣ ಆ ಪದಕವನ್ನು ಮಗಳ ಕೈಯಿಂದಲೇ ತೆಗೆದುಕೊಂಡು ದೇವರ ಕೊರಳಿಗೆ ಹಾಕಿದ. ಆ ವರ್ಷ ಮಳೆ ಹದವಾಗಿ ಬಂತು, ಹತ್ತು ಕುರಿಗಳು ಅವಳಿ ಮರಿ ಹಾಕಿದವು. "ಎಲ್ಲಾ ಆ ಪದಕದ ದೆಸೆ" ಎಂದು ಹಟ್ಟಿಗೆ ಹಟ್ಟಿಯೇ ಹೇಳಿತು. ಮುಂದೆ ಅವಳು ಗೆದ್ದ ಮೂರು ಪದಕಗಳೂ ಅದೇ ಕೊರಳಿಗೆ ಹೋದವು. ಹುಡುಗಿಯ ಟ್ರಂಕಿನಲ್ಲಿ ಒಂದೂ ಇರಲಿಲ್ಲ.

ಈಗ ಆ ಹಟ್ಟಿಯ ಇನ್ನೊಂದು ಮಗ್ಗುಲು ನೋಡಿ. ತಿಪ್ಪೆಗಳ ಆಚೆ ಒಂದು ತಗಡಿನ ಜೋಪಡಿ ಇದೆ. ನೆಟ್ಟಗೆ ನಿಂತರೆ ತಲೆ ತಗಡಿಗೆ ಬಡಿಯುತ್ತದೆ. ಬಾಗಿಲಿಲ್ಲ, ಒಂದು ಗೋಣಿಚೀಲ ಇಳಿಬಿಟ್ಟಿದ್ದಾರೆ. ಮಳೆ ಬಂದರೆ ತಿಪ್ಪೆಯ ನೀರು ಒಳಗೇ ಹರಿಯುತ್ತದೆ. ಮುಟ್ಟಾದ ಹೆಣ್ಣುಮಕ್ಕಳು ಐದು ದಿನ ಅಲ್ಲಿರಬೇಕು. ಊಟವನ್ನು ಮೇಲಿನಿಂದ ತಟ್ಟೆಗೆ ಎಸೆಯುತ್ತಾರೆ. ಹಾಲು, ಮಜ್ಜಿಗೆ ಕೊಡುವುದಿಲ್ಲ. ಮುಟ್ಟಾದವಳು ಕುಡಿದರೆ ದನದ ಕೆಚ್ಚಲು ಬತ್ತುತ್ತದಂತೆ. ಗುಡಿಯ ಮುಂದೆ ಹಾಯುವಂತಿಲ್ಲ. ಶಾಲೆಗೆ ಬರಲು ಇರುವ ಒಂದೇ ದಾರಿ ಗುಡಿಯ ಮುಂದಿನದು, ಹಾಗಾಗಿ ಶಾಲೆಯೂ ಇಲ್ಲ, ಓಟವೂ ಇಲ್ಲ. ನಾನು ಮೊದಲ ಸಲ ಆ ಗೋಣಿ ಸರಿಸಿ ಒಳಗೆ ಬಗ್ಗಿದಾಗ, ಹದಿನಾಲ್ಕು ವರ್ಷದ ನನ್ನ ಓಟಗಾರ್ತಿ ಮೊಣಕಾಲಿಗೆ ಮುಖ ಒತ್ತಿಕೊಂಡು ನೊಣ ಓಡಿಸುತ್ತ ಕೂತಿದ್ದಳು.

ಅವತ್ತೇ ಜಗಳಕ್ಕೆ ನಿಂತೆ. "ಜಂಪಣ್ಣೋರೆ, ಮೈಯಿಂದ ರಕ್ತ ಹೋಗೋವಾಗಲೇ ಮಗುಗೆ ಹಾಲು, ಸೊಪ್ಪು ಹೆಚ್ಚಿಗೆ ಕೊಡಬೇಕು. ನೀವು ನೋಡಿದ್ರೆ ಇರೋದನ್ನೂ ಕಿತ್ಕೊಳ್ತೀರಿ. ತಿಂಗಳಿಗೆ ಐದು ದಿನ ಹಿಂಗೆ ಮುದುರಿ ಕೂತರೆ ಅವಳ ಕಾಲು ಏನಾಗಬೇಕು?"

"ನಂದೇನೈತೆ ಮೇಡಂ ಇದ್ರಾಗೆ?" ಎಂದ ಜಂಪಣ್ಣ, ನೆಲ ನೋಡುತ್ತ. "ನಾನು ಪೂಜಾರಿ. ನನ್ನ ಮನ್ಯಾಗೇ ಕಟ್ಟು ಮುರಿದ್ರೆ ಹಟ್ಟಿ ಜನ ಬಿಡ್ತಾರೇನ್ರಿ?"

"ಹಟ್ಟಿ ಜನ ಓಡ್ತಾರಾ, ನಿಮ್ಮ ಮಗಳು ಓಡ್ತಾಳಾ?"

ಭೀಮಕ್ಕ ನಡುವೆ ಬಾಯಿ ಹಾಕಿದಳು. "ಏಯ್ ಟೀಚರಮ್ಮ, ನಿಮ್ಮ ಕಡೆ ಹೆಂಗೋ ನಂಗೊತ್ತಿಲ್ಲ. ಇಲ್ಲಿ ದ್ಯಾವ್ರು ಕಣ್ಣು ಬಿಟ್ಕಂಡು ಕುಂತೈತೆ. ನಾನು ಆರು ಹಡೆದೀನಿ. ಆರು ಬಾಣಂತನನೂ ಆ ಜೋಪಡ್ಯಾಗೇ ಆಗಿರಾದು. ಎರಡು ಸತ್ವು, ನಾಕು ಉಳಿದ್ವು. ನಂಗೇನಾಗೈತೆ? ಗುಂಡುಕಲ್ಲಿನಂಗೆ ಇಲ್ವೇನು?"

"ಎರಡು ಸತ್ತವಲ್ಲಾ ಅಜ್ಜಿ" ಎಂದೆ.

"ಅದು ಅವುಗಳ ಹಣೆಬರ" ಎಂದು ಎಲೆಅಡಿಕೆ ಉಗಿದಳು. ಕೂಸುಗಳ ಮಾತನ್ನೂ ಎಲೆಅಡಿಕೆಯನ್ನೂ ಒಟ್ಟಿಗೇ ಉಗಿದಂತಾಯಿತು. ಥೂ! ಇವತ್ತಿಗೂ ನೆನೆದರೆ ನನ್ನ ಮೈ ಉರಿಯುತ್ತದೆ.

ಆದರೆ ನಾನೇನು ದೊಡ್ಡ ಸುಧಾರಕಿಯೇ? ಶಾಲೆಗೆ ಬಂದು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಜ್ವರ' ಎಂದು ಬರೆದೆ. ಪ್ರತಿ ತಿಂಗಳೂ ಐದು ದಿನ ಅದೇ ಜ್ವರ. ಒಂಬತ್ತನೇ ತರಗತಿಯ ತಾಲ್ಲೂಕು ಕೂಟದ ದಿನ ಅವಳು ಜೋಪಡಿಯಲ್ಲಿದ್ದಳು. ಅವಳ ಅರ್ಧ ವೇಗವೂ ಇಲ್ಲದ ಹುಡುಗಿ ಜಗಳೂರಿನಲ್ಲಿ ಗೆದ್ದು ಹೋದಳು. ಅವತ್ತು ನನ್ನ ತಲೆಗೆ ಒಂದು ಹಾಳು ಉಪಾಯ ಹೊಳೆಯಿತು.

ಅದು ನನ್ನ ತವರಿನ ಉಪಾಯ. ನಮ್ಮ ಮನೆತನದಲ್ಲಿ ಮುಟ್ಟಿನ ಸೂತಕ ಇಲ್ಲವೇ ಇಲ್ಲ ಎಂದು ಅಜ್ಜ ಎದೆ ತಟ್ಟಿ ಹೇಳುತ್ತಿದ್ದರು. ಆದರೆ ಗೃಹಪ್ರವೇಶವೋ ಮದುವೆಯೋ ಬಂತೆಂದರೆ ನನ್ನ ತಾಯಿ ನಿರ್ಮಲಮ್ಮ ಗುಟ್ಟಾಗಿ ಮೆಡಿಕಲ್ ಶಾಪಿನಿಂದ ಮುಟ್ಟು ಮುಂದೂಡುವ ಗುಳಿಗೆ ತರಿಸಿ ನುಂಗುತ್ತಿದ್ದರು, ನನಗೂ ನುಂಗಿಸುತ್ತಿದ್ದರು. ಅಡಿಕೆ ವ್ಯಾಪಾರದ ದೊಡ್ಡ ಮನೆಯಲ್ಲಿ ಜೋಪಡಿ ಇರಲಿಲ್ಲ, ಗುಳಿಗೆ ಇತ್ತು. ಓದಿದವರ ಹೊಲಸಿಗೆ ಬೆಳ್ಳಿಯ ಕಾಗದ ಸುತ್ತಿರುತ್ತದೆ, ಅಷ್ಟೇ ವ್ಯತ್ಯಾಸ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಅದೇ ಗುಳಿಗೆಯನ್ನು ಗಂಗೋತ್ರಿಗೆ ಕೊಟ್ಟೆ. ವೈದ್ಯರನ್ನು ಕೇಳಲಿಲ್ಲ. ಮುಂದಿನ ಮೂರು ಕೂಟಗಳನ್ನೂ ಗೆದ್ದಳು. ಕೂಟ ಬಂದರೆ ಗುಳಿಗೆ, ತರಬೇತಿ ಶಿಬಿರ ಬಂದರೆ ಗುಳಿಗೆ. ಜಂಪಣ್ಣ ನನಗೆ ಕೈ ಮುಗಿದ. ಭೀಮಕ್ಕ ಶಾಲೆಯ ಗೇಟಿನ ತನಕ ನಡೆದು ಬಂದು, "ಟೀಚರಮ್ಮ, ಸೋಮವಾರ ಗುಡಿ ಪೂಜೆ ಐತೆ. ನೀರು ಹೊರಾಕೆ ಹೆಣ್ಣುಡುಗ್ರು ಬೇಕು. ಆ ಗುಳಿಗೆ ಇನ್ನೊಂದೀಟು ಕೊಡ್ರಲ್ಲ" ಎಂದಳು. ಕೊಟ್ಟೆ! ನನ್ನ ಕೈಗಿಷ್ಟು ಬೆಂಕಿ ಹಾಕ, ಅದನ್ನೂ ಕೊಟ್ಟೆ. ಹಟ್ಟಿಯಲ್ಲಿ ನನ್ನ ಹೆಸರೇ 'ಗುಳಿಗೆ ಮೇಡಂ' ಎಂದಾಯಿತು. ನಾನೂ ನಕ್ಕೆ. ಒಂದು ಜೋಪಡಿಯನ್ನು ಕೆಡವಲಾರದವಳು ಇನ್ನೊಂದು ಜೋಪಡಿಯನ್ನು ಆ ಹುಡುಗಿಯ ಹೊಟ್ಟೆಯೊಳಗೇ ಕಟ್ಟುತ್ತಿದ್ದೆ.

ಹತ್ತನೇ ತರಗತಿಯ ಅಕ್ಟೋಬರಿನಲ್ಲಿ ಅದರ ಫಲ ಕಂಡಿತು. ಮೈದಾನದಲ್ಲಿ ಎರಡನೇ ಸುತ್ತಿಗೆ ಗಂಗೋತ್ರಿ ಕುಸಿದು ಬಿದ್ದಳು. ಪ್ಯಾಂಟು ರಕ್ತದಲ್ಲಿ ಪೂರಾ ನೆನೆದಿತ್ತು. ತುಟಿ ಬಿಳಿಚಿಕೊಂಡಿತ್ತು. "ಹದಿನೆಂಟು ದಿನ ಆತು ಮೇಡಂ, ನಿಲ್ತಾನೇ ಇಲ್ಲ" ಎಂದಳು. "ಅಜ್ಜಿ ಜೋಪಡಿಗೆ ಹಾಕ್ತಾಳೆ ಅಂತ ಯಾರಿಗೂ ಹೇಳ್ಲಿಲ್ಲ."

ಜಗಳೂರಿನ ವೈದ್ಯೆ ರಕ್ತ ಪರೀಕ್ಷೆಯ ಚೀಟಿ ನೋಡಿದರು. "ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿದೆ. ಈ ಗುಳಿಗೆ ಕಡಲೆಮಿಠಾಯಿ ಅಲ್ಲ, ಮನಸ್ಸು ಬಂದಾಗ ತಿನ್ನೋಕೆ. ಯಾರು ಕೊಟ್ಟಿದ್ದು?"

ಗಂಗೋತ್ರಿ ನನ್ನ ಮುಖ ನೋಡಲಿಲ್ಲ. ಗೋಡೆ ನೋಡಿದಳು. ಹುಡುಗಿ ನನ್ನ ಮಾನ ಕಾಯುತ್ತಿದ್ದಳು!

"ನಾನೇ" ಎಂದೆ.

ವೈದ್ಯೆ ನನ್ನನ್ನು ಒಮ್ಮೆ ಅಡಿಯಿಂದ ಮುಡಿಯತನಕ ನೋಡಿ, ಗುಳಿಗೆ ನಿಲ್ಲಿಸಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು.

ಅವತ್ತಿನಿಂದ ಗುಳಿಗೆ ನಿಂತಿತು. ಕಬ್ಬಿಣಾಂಶದ ಮಾತ್ರೆ, ನುಗ್ಗೆಸೊಪ್ಪು, ಮೊಟ್ಟೆ, ಶೇಂಗಾ ಬೆಲ್ಲ ಶುರುವಾದವು. ಎಲ್ಲವನ್ನೂ ಶಾಲೆಯಲ್ಲೇ ನನ್ನ ಕಣ್ಣೆದುರು ತಿನ್ನಿಸಿದೆ. ಫೆಬ್ರುವರಿಯಲ್ಲಿ ದಾವಣಗೆರೆಯಲ್ಲಿ ಕ್ರೀಡಾ ವಸತಿನಿಲಯಕ್ಕೆ ಆಯ್ಕೆ ಇತ್ತು. ನಾಲ್ಕೇ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ. ಸಿಕ್ಕಿದರೆ ಓದು, ಊಟ, ತರಬೇತಿ ಎಲ್ಲಾ ಅಲ್ಲೇ. ಸಿಗದಿದ್ದರೆ ಪರೀಕ್ಷೆ ಮುಗಿದ ಮೇಲೆ ಸೋದರಮಾವನ ಮನೆಯವರು ಮದುವೆ ಮಾತಿಗೆ ಬರುವುದೆಂದು ಭೀಮಕ್ಕ ಆಗಲೇ ನಿಶ್ಚಯ ಮಾಡಿದ್ದಳು. ವೈದ್ಯೆ ಮತ್ತೆ ಪರೀಕ್ಷಿಸಿ ಓಡಬಹುದು ಎಂದರು. ಹಿಮೋಗ್ಲೋಬಿನ್ ಹನ್ನೊಂದರ ಹತ್ತಿರ ಬಂದಿತ್ತು.

ಆಯ್ಕೆಯ ದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಹಟ್ಟಿಗೆ ಹೋದೆ. ಭೀಮಕ್ಕ ದಾರಿಯಲ್ಲೇ ತಡೆದಳು.

"ನಿನ್ನೆ ಸಂಜೆ ಹೊರಗಾಗ್ಯಾಳೆ. ಗುಳಿಗೆ ಕೊಡ್ರೀ ಕೊಡ್ರೀ ಅಂತ ಬಡ್ಕಂಡೆ, ನೀವು ಕೊಡ್ಲಿಲ್ಲ. ಈಗ ವಾಪಸ್ ಹೋಗ್ರಿ."

"ಅಜ್ಜಿ, ವರ್ಷಕ್ಕೆ ಒಂದೇ ದಿನ ಇದು. ಇವತ್ತು ತಪ್ಪಿದ್ರೆ ತಪ್ಪಿತು."

"ತಪ್ಪಲಿ ಬಿಡ್ರಿ. ಹೆಣ್ಣು ಓಡ್ದಿದ್ರೆ ಊರೇನು ಮುಳುಗ್ತತಾ?"

ಅಷ್ಟರಲ್ಲಿ ಜೋಪಡಿಯ ಗೋಣಿ ಸರಿಯಿತು. ಗಂಗೋತ್ರಿ ಬರಿಗಾಲಲ್ಲಿ ಹೊರಬಂದಳು. ತಿಪ್ಪೆ ದಾಟಿ, ನಮ್ಮಿಬ್ಬರನ್ನೂ ದಾಟಿ, ನೆಟ್ಟಗೆ ಗುಡಿಯ ಕಡೆಗೇ ನಡೆದಳು. ಒಳಗೆ ಜಂಪಣ್ಣ ಪೂಜೆ ಮಾಡುತ್ತಿದ್ದ. ಏಳೆಂಟು ಜನ ನಿಂತಿದ್ದರು. ಮಗಳನ್ನು ಕಂಡು ಅವನ ಕೈಯಿಂದ ಗಂಟೆ ಜಾರಿತು.

"ನಿಲ್ಲೇ ಅಲ್ಲೇ! ಮೈಲಿಗೆ! ಬುದ್ಧಿ ನೆಟ್ಟಗೈತೇನೆ ನಿಂಗೆ?"

"ನೆಟ್ಟಗೈತೆ ಅಪ್ಪಯ್ಯ" ಎಂದಳು. "ನಂಗೆ ದಾವಣಗೆರೆಗೆ ಹೋಗಬೇಕು. ದಾರಿ ಇಲ್ಲೇ ಐತೆ. ಅದಕ್ಕೇ ಬಂದೆ."

"ದ್ಯಾವ್ರು ಸುಮ್ಕೆ ಬಿಡ್ತೈತೇನೇ? ಕುರಿ ಎಲ್ಲಾ ಸತ್ತೋಗ್ತವೆ!"

"ಸಾಯಾಕಿಲ್ಲ." ಅವಳು ದೇವರ ಕೊರಳಿಗೆ ಕೈ ತೋರಿದಳು. "ಆ ಮೊದಲ್ನೇ ಪದಕ ಐತಲ್ಲ, ಎಂಟನೇ ಕ್ಲಾಸಿಂದು. ಅದನ್ನ ಗೆದ್ದಾಗ ನಾನು ಹೊರಗಾಗಿದ್ದೆ. ದಾವಣಗೆರ್‍ಯಾಗೇ ಆಗಿದ್ದೆ. ಯಾರಿಗೂ ಹೇಳ್ದೆ ಓಡ್ದೆ. ಮೂರನೇ ದಿನ ಮನೆಗೆ ಬಂದಾಗ್ಲೂ ಮುಟ್ಟಿನಾಗೇ ಇದ್ದೆ. ನನ್ನ ಕೈಯಿಂದ ಇಸ್ಕಂಡು ನೀನೇ ಹಾಕ್ದೆ. ಎರಡು ವರ್ಷದಿಂದ ದ್ಯಾವ್ರು ಹಾಕ್ಕಂಡೇ ಕುಂತೈತೆ. ಆ ವರ್ಷವೇ ಅಲ್ವಾ ಕುರಿ ಅವಳಿ ಹಾಕಿದ್ದು?"

ನನಗೂ ಈ ಸಂಗತಿ ಗೊತ್ತಿರಲಿಲ್ಲ.

"ಸುಳ್ಳು! ಸುಳ್ಳು ಹೇಳ್ತಾಳೆ ಹಾದರಗಿತ್ತಿ!" ಎಂದು ಭೀಮಕ್ಕ ಕಿರುಚಿದಳು.

"ಸುಳ್ಳಲ್ಲ ಅತ್ತೆ."

ಮಾತಾಡಿದವಳು ಗಾದ್ರಮ್ಮ. ಒಂದು ಕೈಯಲ್ಲಿ ಮಗಳ ಬೂಟು, ಇನ್ನೊಂದರಲ್ಲಿ ಹಾಲಿನ ಲೋಟ. ಈ ಎರಡು ವರ್ಷದಲ್ಲಿ ಆ ಹೆಣ್ಣುಮಗಳು ಅತ್ತೆಗೆ ಎದುರಾಡಿದ್ದನ್ನು ನಾನು ನೋಡಿರಲಿಲ್ಲ. "ಅವತ್ತು ಬಟ್ಟೆ ಒಗೆದೋಳು ನಾನೇ. ನಂಗೊತ್ತಿತ್ತು. ಎರಡು ವರ್ಷ ಹೆದರ್ಕಂಡು ನೋಡ್ತಿದ್ದೆ, ಈಗ ಏನಾಗ್ತೈತೆ, ಆಗ ಏನಾಗ್ತೈತೆ ಅಂತ. ಏನೂ ಆಗ್ಲಿಲ್ಲ. ಗುಳಿಗೆ ನುಂಗಿದ ಮ್ಯಾಲೆ ಆತು, ನನ್ನ ಮಗಳಿಗೆ." ಮಗಳ ಕೈಗೆ ಲೋಟ ಕೊಟ್ಟಳು. "ಕುಡಿಯೇ. ಕೆಚ್ಚಲು ಬತ್ತಿದ್ರೆ ಬತ್ತಲಿ."

ಗಂಗೋತ್ರಿ ಗುಡಿಯ ಮುಂದೆಯೇ ನಿಂತು ಗಟಗಟ ಕುಡಿದಳು.

ಜಂಪಣ್ಣ ಮನಸ್ಸು ಕರಗಿ ಮಗಳನ್ನು ಅಪ್ಪಿಕೊಂಡ ಎಂದು ಬರೆಯಲು ನನಗೂ ಆಸೆ. ಅಪ್ಪಿಕೊಳ್ಳಲಿಲ್ಲ. ಅವನು ಹೊರಗಿನಿಂದ ಒಂದು ಕಡ್ಡಿ ತಂದ. ಅದರ ತುದಿಯನ್ನು ಆ ಪದಕದ ಪಟ್ಟಿಗೆ ಸಿಕ್ಕಿಸಿ, ಮೈಗೆ ತಾಗದಂತೆ ಮೂಗು ಮುಚ್ಚಿಕೊಂಡು ದೇವರ ಕೊರಳಿಂದ ತೆಗೆದು, ಸತ್ತ ಇಲಿಯನ್ನು ಎಸೆಯುವಂತೆ ತಿಪ್ಪೆಯ ಕಡೆ ಎಸೆದ. "ನೀರು ತರ್‍ರೋ, ಗೋಮೂತ್ರ ತರ್‍ರೋ" ಎಂದು ಕೂಗಿದ. ಎರಡು ವರ್ಷ ಮಂಗಳಾರತಿ ಎತ್ತಿಸಿಕೊಂಡ ಪದಕ! ಉಳಿದ ಮೂರನ್ನು ಅವನು ಮುಟ್ಟಲಿಲ್ಲ. ಹುಡುಗಿಯ ರಕ್ತ ಕೆಡಿಸಿ ಗೆದ್ದವು ಮಡಿಯಾದವು, ಅವಳು ಆರೋಗ್ಯವಾಗಿ ಗೆದ್ದದ್ದು ಮೈಲಿಗೆಯಾಯಿತು. ಇಂಥ ಮಡಿಗೆ ನಾನು ಕ್ಯಾಕರಿಸಿ ಉಗಿಯುತ್ತೇನೆ. ಅದಕ್ಕೆ ಗುಳಿಗೆ ಒದಗಿಸಿದ ನನ್ನ ಜಾಣತನಕ್ಕೂ ಉಗಿಯುತ್ತೇನೆ.

ಗಂಗೋತ್ರಿ ತಿಪ್ಪೆಗೆ ಹೋಗಿ ಪದಕ ಎತ್ತಿಕೊಂಡಳು. ಅಂಗಿಯ ಅಂಚಿನಲ್ಲಿ ಒರೆಸಿ ಜೇಬಿಗಿಟ್ಟಳು. ಬೂಟು ಹಾಕಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತಳು. ಭೀಮಕ್ಕ ಹಿಡಿಮಣ್ಣು ತೂರಿ ಶಾಪ ಹಾಕುತ್ತಲೇ ಇದ್ದಳು. ನಾವು ಗುಡಿಯ ಮುಂದಿನ ದಾರಿಯಲ್ಲೇ ಹೋದೆವು.

ಜಗಳೂರಿನಿಂದ ಬಸ್ಸು ಹಿಡಿದೆವು. ದಾವಣಗೆರೆಯ ಮೈದಾನದಲ್ಲಿ ಹೆಸರು ಬರೆದುಕೊಳ್ಳುವ ಮೇಜಿನಲ್ಲಿದ್ದ ಗಂಡಸು ತಲೆ ಎತ್ತದೆ, "ಆರೋಗ್ಯದ ತೊಂದರೆ ಏನಾದರೂ?" ಎಂದ. ಸುತ್ತ ಅಪ್ಪಂದಿರು, ಕೋಚುಗಳು ಕಿಕ್ಕಿರಿದಿದ್ದರು. ನಾನು ಅಭ್ಯಾಸಬಲದಿಂದ ಏನೋ ಮುಚ್ಚಿಡಲು ಬಾಯಿ ತೆರೆದೆ. ಅವಳೇ ಹೇಳಿದಳು: "ಮುಟ್ಟಾಗೀನಿ ಸಾರ್. ಓಡಾಕೆ ತೊಂದ್ರೆ ಏನಿಲ್ಲ." ಅವನು 'ಇಲ್ಲ' ಎಂದು ಬರೆದುಕೊಂಡ.

ಅವಳು ಮೂರನೆಯವಳಾಗಿ ಬಂದಳು. ಸಂಜೆ ನಾಲ್ಕಕ್ಕೆ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನಾಲ್ಕು ಹೆಸರಿದ್ದವು. ಮೂರನೆಯದು ಜೆ. ಗಂಗೋತ್ರಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಆ ಪದಕವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು. ಪಟ್ಟಿಯ ತುಂಬ ಕುಂಕುಮ, ಎಣ್ಣೆ. ನಾನು, "ಉಳಿದ ಮೂರನ್ನೂ ಬಿಡೋದು ಬೇಡ. ನಾಳೆ ನಾನೇ ಬಂದು ನಿಮ್ಮಪ್ಪನ ಹತ್ರ ಕೇಳ್ತೀನಿ" ಎಂದೆ.

"ಬ್ಯಾಡ ಬಿಡ್ರಿ ಮೇಡಂ" ಎಂದಳು. "ಅವು ಗುಳಿಗೆ ಗೆದ್ದಿದ್ದು. ದ್ಯಾವ್ರೇ ಇಟ್ಕಳ್ಲಿ. ಇದೊಂದೇ ನಾನು ಗೆದ್ದಿದ್ದು."