ಏಳೂವರೆಯ ತಿಂಡಿಕೋಣೆ

ಊರಿನ ಮೊದಲ ಬಸ್ಸು ಓಡಿಸುವ ಆ ಡ್ರೈವರ್‌ ಐದು ಗಂಟೆಗೇ ಮನೆ ಬಿಡಬೇಕಿತ್ತು. ಹೆಂಡತಿ ತೀರಿಕೊಂಡ ಮೇಲೆ, ಎಂಟು ವರ್ಷದ ಮಗಳಿಗೆ ಎರಡು ತುಂಡು ಬ್ರೆಡ್ಡು, ಒಂದು ಲೋಟ ಹಾಲು ಮುಚ್ಚಿಟ್ಟು ಹೊರಡುತ್ತಿದ್ದ. ಅವಳನ್ನು ಎಬ್ಬಿಸಿ, ಜಡೆ ಹಾಕಿ, ಶಾಲೆಗೆ ಬಿಡುವುದು ಎದುರುಮನೆ ಅಜ್ಜಿಯ ಪಾಲಿಗೆ ಬಂದಿತ್ತು.

ಒಂದು ಸಂಜೆ ಅಜ್ಜಿ ಬಾಯಿಬಿಟ್ಟಳು. "ನಿನ್ನ ಮಗಳು ಮನೇಲಿ ತಿಂಡಿ ಮುಟ್ಟೋದೇ ಇಲ್ಲ ಕಣಪ್ಪ. ಎರಡು ತಿಂಗಳಾಯ್ತು. ಶಾಲೇಲೇ ಕೊಡ್ತಾರಂತೆ, ಬಿಟ್ಟಿ. ನೀನಿಟ್ಟ ಬ್ರೆಡ್ಡು ನಾನೇ ತಿಂತಿದೀನಿ, ಸುಳ್ಳು ಯಾಕೆ ಹೇಳ್ಲಿ?"

ಬಿಟ್ಟಿ ಎಂಬ ಮಾತು ಅವನಿಗೆ ಮುಳ್ಳಿನಂತೆ ನಾಟಿತು. ಇವತ್ತಿನವರೆಗೂ ಯಾರ ಮುಂದೆಯೂ ಕೈಚಾಚಿದವನಲ್ಲ. ಮಗಳನ್ನು ಏನೂ ಕೇಳಲಿಲ್ಲ. ವಾರದ ರಜೆಯ ದಿನ, ಕೆಲಸವಿದೆ ಎಂದು ಅಜ್ಜಿಗೆ ಹೇಳಿ, ನೇರ ಶಾಲೆಗೆ ನಡೆದ. ನಾಲ್ಕು ಖಾರವಾದ ಮಾತು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ.

ತಿಂಡಿಕೋಣೆಯಲ್ಲಿ ಹಬೆಯೋ ಹಬೆ. ಮಕ್ಕಳೂ ಮೇಷ್ಟರೂ ದೊಡ್ಡಮ್ಮ ಎಂದೇ ಕರೆಯುವ ಅಡುಗೆಯಾಕೆ ದೊಡ್ಡ ಪಾತ್ರೆಯಿಂದ ಬೆಂದ ಮೊಟ್ಟೆ ಎತ್ತುತ್ತಿದ್ದಳು.

"ಯಾರ ಅಪ್ಪ ನೀವು?"

ಹೇಳಿದ.

"ಓ, ನಮ್ಮ ಎರಡು ಜಡೆಯವಳ ಅಪ್ಪ, ಬಸ್ ಡ್ರೈವರಾ! ಸರಿಯಾದ ಹೊತ್ತಿಗೇ ಬಂದ್ರಿ. ನನ್ನ ಜೊತೆಯವಳಿಗೆ ಜ್ವರ. ಕೈ ತೊಳ್ಕೊಂಡು ಇದನ್ನ ಸುಲೀರಿ."

"ನಾನು ಬಂದಿದ್ದು..."

"ಮಾತು ಆಮೇಲೂ ಆಡ್ಬಹುದು. ಮಕ್ಕಳ ಹೊಟ್ಟೆ ಕಾಯಲ್ಲ."

ಹಾಗೆ ಗದರಿಸುವ ಹೆಂಗಸಿನ ಮುಂದೆ ಅವನಿಗೆ ಜಗಳ ತೆಗೆಯಲಾಗಲಿಲ್ಲ. ಸುಲಿಯತೊಡಗಿದ. ಸಿಪ್ಪೆಯ ಜೊತೆ ಅರ್ಧ ಬಿಳಿಯೂ ಕಿತ್ತು ಬರುವುದನ್ನು ನೋಡಿ ದೊಡ್ಡಮ್ಮ, "ಬಸ್ಸೂ ಹಿಂಗೇ ಓಡಿಸ್ತೀರಾ?" ಎಂದಳು.

ಏಳೂವರೆಗೆ ಬಾಗಿಲು ತೆರೆಯಿತು. ಮಕ್ಕಳು ನುಗ್ಗಿದರು. ಔಷಧಿ ಅಂಗಡಿಯವನ ಮಗ ಕಸ ಗುಡಿಸುವವಳ ಮೊಮ್ಮಗಳ ಪಕ್ಕ ಕೂತ. ಹೆಡ್‌ಮೇಷ್ಟರೂ ಅದೇ ಬೆಂಚಿನ ತುದಿಯಲ್ಲಿ ತಟ್ಟೆ ಹಿಡಿದರು. ಮನೆಯಲ್ಲಿ ತಿಂದೆಯಾ ಎಂದು ಯಾರನ್ನೂ ಯಾರೂ ಕೇಳಲಿಲ್ಲ. ಒಂದು ಮಗು ಹಾಲು ಚೆಲ್ಲಿ ಅಳುಮೋರೆ ಮಾಡಿದಾಗ ದೊಡ್ಡಮ್ಮ, "ಪಾಪ, ನೆಲಕ್ಕೂ ಬಾಯಾರಿತ್ತೇನೋ," ಎಂದು ಇನ್ನೊಂದು ಲೋಟ ತುಂಬಿದಳು. ಅಷ್ಟು ಮಕ್ಕಳಲ್ಲಿ ಬ್ರೆಡ್ಡಿನ ಅಂಚು ತಿನ್ನದವರು ಯಾರು, ಬಿಸಿಹಾಲಿಗೆ ಬೆರಳಿಟ್ಟು ನೋಡುವವರು ಯಾರು, ಎಲ್ಲ ಅವಳಿಗೆ ಬಾಯಿಪಾಠ.

ಆಮೇಲೆ ಅವನ ಮಗಳು ಬಂದಳು. ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ, ಇಲ್ಲಿ ಮೂವರು ಗೆಳತಿಯರ ನಡುವೆ ಏನೋ ಕಥೆ ಹೇಳುತ್ತಾ, ಕೈ ಬೀಸುತ್ತಾ, ಗಟ್ಟಿಯಾಗಿ ನಗುತ್ತಿದ್ದಳು. ಅಮ್ಮ ಹೋದ ಮೇಲೆ ಆ ನಗು ಅವನ ಕಿವಿಗೆ ಬಿದ್ದಿರಲಿಲ್ಲ. ಅಪ್ಪನನ್ನು ಕಂಡದ್ದೇ ಅವಳ ಮುಖ ಸಪ್ಪಗಾಯಿತು. ಮೆಲ್ಲಗೆ ಹತ್ತಿರ ಬಂದಳು.

"ಬೈಯಕ್ಕೆ ಬಂದ್ಯಾ?"

"ನಂಗ್ಯಾಕೆ ಹೇಳ್ಲಿಲ್ಲ ಪುಟ್ಟಿ?"

"ನೀನು ಅಷ್ಟು ಬೇಗ ಎದ್ದು ಇಟ್ಟು ಹೋಗ್ತೀಯಲ್ಲ, ನಿಂಗೆ ಬೇಜಾರಾಗುತ್ತೆ ಅಂತ. ಮನೇಲಿ ಒಬ್ಬಳೇ ತಿನ್ನಕ್ಕೆ ಗಂಟಲಲ್ಲಿ ಇಳಿಯಲ್ಲ ಅಪ್ಪಾ."

ಅವನ ಕಣ್ಣು ತುಂಬಿತು. "ಹೋಗು, ಹಾಲು ಆರುತ್ತೆ," ಎಂದಷ್ಟೇ ಹೇಳಿದ.

ಮಕ್ಕಳು ತರಗತಿಗೆ ಹೋದ ಮೇಲೆ ಲೋಟ ತೊಳೆಯುತ್ತಾ, ಬಂದ ಕಾರಣವನ್ನು ದೊಡ್ಡಮ್ಮನಿಗೆ ಒಪ್ಪಿಸಿಬಿಟ್ಟ. ಅವಳು ಸಿಟ್ಟಾಗಲಿಲ್ಲ.

"ಇಲ್ಲಿ ಪಾಠಾನೂ ಬಿಟ್ಟಿ, ಪುಸ್ತಕಾನೂ ಬಿಟ್ಟಿ. ಅದಕ್ಕೆ ನಾಚದೋರು ಒಂದು ಮೊಟ್ಟೆಗೆ ಯಾಕಪ್ಪಾ ನಾಚ್ಕೋಬೇಕು? ಹಸಿದ ಮಗೂಗೆ ಮಗ್ಗಿ ತಲೆಗೆ ಹತ್ತುತ್ತಾ?"

ಅವನು ತೊಳೆದ ಲೋಟಗಳನ್ನು ಬೋರಲು ಹಾಕಿದ. ಹದಿನೈದು ವರ್ಷದಿಂದ ಒಂದು ದಿನವೂ ತಪ್ಪದೆ ಆ ಒಲೆ ಹಚ್ಚಿದವಳು ದೊಡ್ಡಮ್ಮ ಎಂದು ಹೆಡ್‌ಮೇಷ್ಟರಿಂದ ತಿಳಿದಾಗ, ತನ್ನ ಬೆಳಗಿನ ಮೊದಲ ಬಸ್ಸಿನ ಬಗ್ಗೆ ಇದ್ದ ಜಂಬವೂ ಸ್ವಲ್ಪ ಇಳಿಯಿತು.

ಅಂದಿನಿಂದ ವಾರದ ರಜೆ ಬಂದರೆ ಅಪ್ಪ ಮಗಳು ಇಬ್ಬರೂ ಬೇಗ ಎದ್ದು ಜೊತೆಯಲ್ಲೇ ತಿಂಡಿಕೋಣೆಗೆ ಹೊರಡುತ್ತಾರೆ. "ರಜೇಲೂ ಡ್ಯೂಟಿನಾ?" ಎಂದು ಡಿಪೋದಲ್ಲಿ ಕಂಡಕ್ಟರ್ ಕಿಚಾಯಿಸಿದರೆ, "ನೀನೂ ಬಾರಯ್ಯ, ದೊಡ್ಡಮ್ಮ ಕೆಲಸ ಕಲಿಸ್ತಾರೆ," ಎನ್ನುತ್ತಾನೆ.